ಬಲಗಾಲು ನೆಲ ಒತ್ತುತ್ತಿತ್ತು

ಮೊಬೈಲ್ ಪರದೆಯಲ್ಲಿ ಎಡಕ್ಕೂ ಬಲಕ್ಕೂ ಓಡಾಡುವ ಚುಕ್ಕೆ ನೋಡುತ್ತಾ ತಮಗೆ ತಾವೇ ಇಎಂಡಿಆರ್ (ಆಘಾತದ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುವ ಮನೋಚಿಕಿತ್ಸೆ) ಮಾಡಿಕೊಂಡು, ಇದ್ದ ನಿದ್ದೆಯನ್ನೂ ಕಳೆದುಕೊಂಡು ನನ್ನ ಬಳಿ ಚಿಕಿತ್ಸೆಗೆ ಬರುವವರನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಅವರಲ್ಲೊಬ್ಬರು ನಲವತ್ತು ದಾಟಿದವರು. ಇವರು ಓಡಿಸುತ್ತಿದ್ದ ಕಾರಿಗೆ ರಾತ್ರಿ ಲಾರಿ ಗುದ್ದಿ, ಪಕ್ಕದಲ್ಲಿ ಕೂತಿದ್ದ ಗೆಳೆಯ ತೀರಿಕೊಂಡು ಎರಡು ವರ್ಷವಾಗಿತ್ತು. ಮೂರು ರಾತ್ರಿ ಒಬ್ಬರೇ, ಒಂದೊಂದು ಗಂಟೆ ಚುಕ್ಕೆ ನೋಡಿದ್ದರು. ಮೂರನೆಯ ರಾತ್ರಿ ಕೈಕಾಲು ತಮ್ಮವೇ ಅಲ್ಲ ಅನ್ನಿಸಿ ಬೆಳಗಿನವರೆಗೂ ನಡುಗಿದ್ದಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ 1987ರಲ್ಲಿ ಶುರುಮಾಡಿದ ಈ ಚಿಕಿತ್ಸೆಗೆ ಎಂಟು ಹಂತಗಳಿವೆ. ಆಘಾತದ ನೆನಪಿಟ್ಟುಕೊಂಡು ಕಣ್ಣಾಡಿಸುವುದು ನಾಲ್ಕನೆಯದು. ಅದಕ್ಕೂ ಮುಂಚೆ ಮೂರ್ಛೆರೋಗ, ಕಣ್ಣಿನ ತೊಂದರೆ, ಆತ್ಮಹತ್ಯೆಯ ಯೋಚನೆ, ಮೈಮರೆತು ಎಲ್ಲೋ ಹೋಗಿಬಿಡುವ ಅನುಭವ ಇವೆಯೇ ಎಂದು ಕೇಳಲೇಬೇಕು. ಆಮೇಲೆ ಪೂರ್ವಸಿದ್ಧತೆ: ನೆಮ್ಮದಿಯ ಒಂದು ಜಾಗವನ್ನು ಕಲ್ಪಿಸಿಕೊಂಡು ನಾಲ್ಕಾರು ಸಲ ಮಾತ್ರ ನಿಧಾನವಾಗಿ ಕಣ್ಣಾಡಿಸುವುದು, ಸಾಕೆನಿಸಿದರೆ ಕೈ ಎತ್ತುವುದು, ಪಾದ ಊರಿ ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳುವುದು. ಇದಕ್ಕೆ ಎರಡು ಭೇಟಿ ಹಿಡಿದಾಗ ಅವರು ಬೇಸರಪಟ್ಟರು. ನಾನು ಜಗ್ಗಲಿಲ್ಲ. ನೆನಪು ತೆರೆದುಕೊಂಡ ಮೇಲೆ ಅದನ್ನು ಮುಚ್ಚಲು ಬಾರದವರಿಗೆ ತೆರೆಯುವುದನ್ನು ಕಲಿಸಬಾರದು. ಆ ಮೂರು ರಾತ್ರಿ ಆದದ್ದೇ ಅದು.

ಮೂರನೆಯ ಭೇಟಿಯಲ್ಲಿ ಕೆಲಸ ಶುರುವಾಯಿತು. ಚಿತ್ರ: ಗಾಜಿನ ತುಂಬ ಹೆಡ್‌ಲೈಟಿನ ಬೆಳಕು. ನಂಬಿಕೆ: ‘ತಪ್ಪು ನನ್ನದೇ.’ ಅದರ ಬದಲಿಗೆ ನಂಬಬೇಕೆಂದಿದ್ದ ಮಾತು: ‘ಆ ಕ್ಷಣಕ್ಕೆ ಆದಷ್ಟು ಮಾಡಿದೆ’, ಅದು ಎಷ್ಟು ನಿಜ ಅನಿಸುತ್ತದೆ ಅಂದರೆ ಏಳಕ್ಕೆ 2. ಸಂಕಟ ಹತ್ತಕ್ಕೆ 9, ಎದೆಯಲ್ಲಿ. ಅವರ ಮುಖದಿಂದ ಒಂದಡಿ ದೂರದಲ್ಲಿ ನನ್ನ ಎರಡು ಬೆರಳು, ಒಂದು ಸುತ್ತಿನಲ್ಲಿ ಸುಮಾರು 25 ಸಲ ಅತ್ತಿತ್ತ, ಅರ್ಧ ನಿಮಿಷ. ಪ್ರತಿ ಸುತ್ತಿನ ಕೊನೆಗೆ ಒಂದೇ ಪ್ರಶ್ನೆ: ‘ಈಗ ಏನು ಬರ್ತಿದೆ?’

9 ಇಳಿದು 6ಕ್ಕೆ ಬಂತು, ಅಲ್ಲೇ ನಿಂತಿತು. ಸತತ ನಾಲ್ಕು ಸುತ್ತು ಅದೇ ಮಾತು: ‘ಬ್ರೇಕ್ ಹಾಕ್ಲಿಲ್ಲ.’ ಹೀಗೆ ಸಿಕ್ಕಿಕೊಂಡಾಗ ಮೊದಲು ಬೆರಳಿನ ದಿಕ್ಕನ್ನೋ ವೇಗವನ್ನೋ ಬದಲಿಸಬೇಕು. ಓರೆಯಾಗಿ ಆಡಿಸಿದೆ, ವೇಗ ಹೆಚ್ಚಿಸಿದೆ, ಏನೂ ಕದಲಲಿಲ್ಲ. ಆಗ ಕಂಡಿದ್ದು ಅವರ ಬಲಗಾಲು. ಹಿಮ್ಮಡಿ ಊರಿ, ಮುಂಗಾಲಿನಿಂದ ನೆಲವನ್ನು ಬಲವಾಗಿ ಒತ್ತುತ್ತಿದ್ದರು, ಮೀನಖಂಡ ಬಿಗಿದಿತ್ತು.

‘ನಿಮ್ಮ ಬಲಗಾಲು ಏನು ಮಾಡ್ತಿದೆ, ಸ್ವಲ್ಪ ನೋಡಿ ಸಾರ್.’

ಬಗ್ಗಿ ನೋಡಿದರು. ತುಂಬ ಹೊತ್ತು ಮಾತಿಲ್ಲ. ‘ತುಳೀತಿದೆ ಮೇಡಂ... ನಾನು ತುಳಿದಿದ್ದೆ.’

‘ಅದನ್ನೇ ಗಮನಿಸಿ’ ಎಂದು ಬೆರಳೆತ್ತಿದೆ. ಸಮಾಧಾನ ಹೇಳಲಿಲ್ಲ, ವಿವರಿಸಲಿಲ್ಲ. ಇಲ್ಲಿ ಮಾತು ಹೆಚ್ಚಾದರೆ ಅವರದಾಗಬೇಕಾದ ಅರಿವು ನನ್ನದಾಗಿಬಿಡುತ್ತದೆ. ಎರಡು ಸುತ್ತಿನಲ್ಲಿ ಅಳು ಬಂತು, ಸಂಕಟ 3ಕ್ಕೆ ಇಳಿಯಿತು. ಆದರೆ ಅಂದು ಬ್ರೇಕ್ ಬಿದ್ದಿತ್ತು ಎಂಬುದಕ್ಕೆ ಇದನ್ನು ಸಾಕ್ಷಿ ಎಂದುಕೊಳ್ಳಬಾರದು; ಚಿಕಿತ್ಸೆಯಲ್ಲಿ ಎದ್ದ ನೆನಪು ನಡೆದದ್ದರ ದಾಖಲೆಯಲ್ಲ. ಹಾಗಾಗಿಯೇ ‘ಬ್ರೇಕ್ ಹಾಕಿದೆ’ ಎಂಬ ಮಾತನ್ನು ಗಟ್ಟಿ ಮಾಡಲು ಹೋಗದೆ, ಮೊದಲು ಆಯ್ದ ಮಾತಿಗೇ ಮರಳಿದೆವು. ಅದು ನಿಜ ಅನಿಸುವುದು ಏಳಕ್ಕೆ 6ರವರೆಗೆ ಏರಿತು.

ಕಣ್ಣಾಡಿಸುವುದೇ ಬೇಕೆ ಎಂಬ ವಾದ ಸಂಶೋಧಕರಲ್ಲಿ ಇನ್ನೂ ಇದೆ. ನೆನಪನ್ನೂ ಬೆರಳನ್ನೂ ಒಟ್ಟಿಗೆ ಹಿಡಿಯಲು ಮನಸ್ಸಿಗೆ ಜಾಗ ಸಾಲದೆ ನೆನಪಿನ ತೀವ್ರತೆ ಕುಗ್ಗುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆ. ಚಿಕಿತ್ಸೆಯನ್ನೇ ಮಾಟವೆಂದು ತಳ್ಳಿಹಾಕುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಆಘಾತೋತ್ತರ ಒತ್ತಡಕ್ಕೆ ಇದನ್ನು ಶಿಫಾರಸು ಮಾಡಿದೆ. ಆದರೆ ಪರದೆಯ ಚುಕ್ಕೆಗೆ ನಿಮ್ಮ ಕಾಲು ಕಾಣುವುದಿಲ್ಲ. ಸುತ್ತು ಎಲ್ಲಿ ನಿಲ್ಲಿಸಬೇಕೆಂದೂ ಅದಕ್ಕೆ ತಿಳಿಯದು.

ಅವರಿಗೆ ಕೊಟ್ಟ ಸಲಹೆ: ವಿಡಿಯೊ ಪೂರ್ತಿ ಬಿಡಿ. ಭೇಟಿಯಾದ ದಿನ ನೀವೇ ಗಾಡಿ ಓಡಿಸಬೇಡಿ. ಕೆಲವು ದಿನ ಕನಸು ಹೆಚ್ಚಬಹುದು, ಹಳೆಯದೇನೋ ಏಳಬಹುದು. ಕೆದಕದೆ, ಏನು ಬಂತು, ಮೈಯಲ್ಲಿ ಎಲ್ಲಿ, ಹತ್ತಕ್ಕೆ ಎಷ್ಟು ಎಂದು ಒಂದೇ ಸಾಲಿನಲ್ಲಿ ಬರೆದಿಡಿ. ತಡೆಯಲಾಗದಿದ್ದರೆ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ. ಬೇರೆ ಚಿಕಿತ್ಸಕರ ಬಳಿ ಹೋಗುವವರು ಇಎಂಡಿಆರ್ ತರಬೇತಿ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮೊದಲ ದಿನವೇ ಬೆರಳೆತ್ತುವವರಾದರೆ ಎದ್ದು ಬನ್ನಿ.

ಮುಂದಿನ ವಾರ ಸಂಕಟ 1ರಲ್ಲಿ ನಿಂತಿತ್ತು. ಗೆಳೆಯನಿಲ್ಲ ಎಂಬ ನೋವಿಗೆ ಆ ಒಂದು ಇರಲಿ ಎಂದರು, ಒಪ್ಪಿದೆ. ಎದುರಿನಿಂದ ಬರುವ ಹೆಡ್‌ಲೈಟ್‌ಗೆ ಮಾತ್ರ ಮೈ ಇನ್ನೂ ಬಿಗಿಯುತ್ತದೆ. ಈಗ ಅದರ ಕೆಲಸ ನಡೆಯುತ್ತಿದೆ.