ಟ್ರೈಲರ್ ಬ್ರೇಕ್ ಹಿಡಿಯುತ್ತಿಲ್ಲ, ಇನ್ನೂ ಬಲವಾದ ಕಂಟ್ರೋಲರ್ ಹಾಕಿಸಲೇ?

ಬೇಡ. ಗೇನ್ (ಟ್ರೈಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕೆಂದು ಕಂಟ್ರೋಲರಿನಲ್ಲಿ ಹೊಂದಿಸುವ ಮಟ್ಟ) ಪೂರ್ತಿ ಏರಿಸಿದರೂ ಘಾಟಿ ಇಳಿಯುವಾಗ ಟ್ರೈಲರ್ ಹಿಂದಿನಿಂದ ದೂಡುತ್ತದೆ ಎಂದು ಬರೆದಿದ್ದೀರಿ. ಆ ಸಾಲು ಓದಿ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಾನೂ ಕಂಡಕಂಡವರಲ್ಲಿ ಹೇಳಿಕೊಂಡು, ಕೊನೆಗೆ ಎರಡನೇ ಕಂಟ್ರೋಲರ್ ತರಿಸಿದೆ. ಹಣ ಹೋಯಿತು, ಬ್ರೇಕ್ ಇದ್ದ ಹಾಗೆಯೇ ಇತ್ತು.

ನಮ್ಮದು ಸುಂಟಿಕೊಪ್ಪದ ಬಳಿ ಕಾಫಿ ತೋಟ. ಪಿಕಪ್ ಹಿಂದೆ ಎರಡು ಆಕ್ಸಲ್‌ನ ಟ್ರೈಲರ್, ನಾಲ್ಕು ಚಕ್ರಕ್ಕೂ ಎಲೆಕ್ಟ್ರಿಕ್ ಬ್ರೇಕ್. ಸಣ್ಣ ಟ್ರ್ಯಾಕ್ಟರನ್ನು ಅದರ ಮೇಲೆ ಹೇರಿಕೊಂಡು ಸುಳ್ಯದ ಕಡೆಯ ಅಡಿಕೆ ತೋಟಕ್ಕೆ ಹೋಗಿಬರುವುದಿತ್ತು. ಕಂಟ್ರೋಲರ್ ವೈರಿಂಗ್ ನಾನೇ ಮಾಡಿದೆ. ಕಪ್ಪು ವೈರ್ ನೇರವಾಗಿ ಬ್ಯಾಟರಿಯ ಪಾಸಿಟಿವ್‌ಗೆ, ನಡುವೆ 20 ಆಂಪಿಯರ್ ಸರ್ಕ್ಯೂಟ್ ಬ್ರೇಕರ್. ಬಿಳಿ ವೈರ್ ಬ್ಯಾಟರಿಯ ನೆಗೆಟಿವ್‌ಗೆ. ಕೆಂಪು ವೈರ್ ಬ್ರೇಕ್ ಲೈಟ್ ಸ್ವಿಚ್ಚಿನಲ್ಲಿ, ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಬದಿಗೆ. ನೀಲಿ ವೈರ್ ಪಿಕಪ್ ಹಿಂದೆ ಟ್ರೈಲರ್ ವೈರ್ ಸಿಕ್ಕಿಸುವ ಏಳು ಪಿನ್ನಿನ ಸಾಕೆಟ್‌ಗೆ. ಇಷ್ಟರಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಹಾಗಾಗಿಯೇ ಬೇರೆ ಕಡೆ ನೋಡಬೇಕೆಂದು ನನಗೆ ಹೊಳೆಯಲೂ ಇಲ್ಲ.

ತಪ್ಪು ಆಗಿದ್ದದ್ದು ಹಿಂದಿನ ಸಾಕೆಟ್‌ನ ಅರ್ತ್‌ನಲ್ಲಿ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ಮಾತನಾಡಿಸಿದವರಲ್ಲಿ ಹೆಚ್ಚಿನವರು ಇದನ್ನು ತಪ್ಪಾಗಿ ತಿಳಿದಿದ್ದರು. ನೀಲಿ ವೈರಿನಲ್ಲಿ, ಚಕ್ರದ ಡ್ರಮ್ ಒಳಗೆ ಬ್ರೇಕ್ ಹಿಡಿಸುವ ಮ್ಯಾಗ್ನೆಟ್‌ಗಳಿಗೆ ಹೋದ ಕರೆಂಟ್ ಬ್ಯಾಟರಿಗೆ ಮರಳಲೇಬೇಕು. ಆದರೆ ಅದು ಮರಳುವುದು ಕಂಟ್ರೋಲರಿನ ಬಿಳಿ ವೈರಿನಲ್ಲಿ ಅಲ್ಲ. ಟ್ರೈಲರ್‌ನಿಂದ ಸಾಕೆಟ್‌ನ ಅರ್ತ್ ಪಿನ್ನಿಗೆ ಬಂದು, ಅಲ್ಲಿಂದ ಗಾಡಿಯ ಚಾಸಿಯ ಮೂಲಕ. ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12. ಈ ಹೊರೆ ಹೊರಬೇಕಾದ ಜಾಗದಲ್ಲಿ ನಾನು ಇಂಡಿಕೇಟರ್‌ಗೆ ಹಾಕುವಂಥ ತೆಳು ವೈರ್ ಕೊಟ್ಟು, ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಬ್ರಾಕೆಟ್‌ಗೆ ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿದ್ದೆ. ಬೇಸಿಗೆಯಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಕೊಡಗಿನ ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸುತ್ತ ತುಕ್ಕು, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಅಂಥ ಜೋಡಣೆಯಲ್ಲಿ ಅರ್ಧ ಓಮ್ ಪ್ರತಿರೋಧ ಹುಟ್ಟಿದರೆ 12 ವೋಲ್ಟ್‌ನಲ್ಲಿ 4 ವೋಲ್ಟ್ ಅಲ್ಲೇ ಕರಗುತ್ತದೆ, ಮ್ಯಾಗ್ನೆಟ್‌ಗೆ ದಕ್ಕುವುದು 8. ಕಂಟ್ರೋಲರ್ ತಾನು ಕಳಿಸಿದ್ದನ್ನಷ್ಟೇ ಲೆಕ್ಕ ಹಾಕುವುದರಿಂದ ಅದರ ಪರದೆಯಲ್ಲಿ ಅಂಕಿ ಪೂರ್ತಿಯಾಗಿಯೇ ಕಾಣುತ್ತದೆ. ಎರಡನೇ ಕಂಟ್ರೋಲರ್ ಹಾಕಿದಾಗಲೂ ಅದೇ ಅಂಕಿ, ಅದೇ ಸೋತ ಬ್ರೇಕ್.

ನಾನು ಗೇನ್ ತುದಿಗೇರಿಸಿದೆ. ನೀವೂ ಈಗ ಅದನ್ನೇ ಮಾಡಿಕೊಂಡಿದ್ದೀರಿ, ನನಗೆ ಭಯವಿರುವುದು ಅಲ್ಲೇ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುತ್ತಿದ್ದೆ, ಜಿಟಿಜಿಟಿ ಮಳೆ. ಮದೆನಾಡು ದಾಟುವವರೆಗೂ ಟ್ರೈಲರ್ ದೂಡುತ್ತಲೇ ಬಂತು, ಪಿಕಪ್‌ನ ಮುಂದಿನ ಬ್ರೇಕ್ ಸುಟ್ಟ ವಾಸನೆ ಬರತೊಡಗಿತ್ತು. ಜೋಡುಪಾಲದ ಬಳಿಯ ಒಂದು ತಿರುವಿನಲ್ಲಿ ಗಾಡಿ ಗುಂಡಿಗೆ ಇಳಿದು ಎದ್ದಿತು. ಆ ಕುಲುಕಿಗೆ ತುಕ್ಕು ಹಿಡಿದ ಸ್ಕ್ರೂ ಒಂದು ಕ್ಷಣ ಸರಿಯಾಗಿ ಕಚ್ಚಿರಬೇಕು. ಗೇನ್ ತುದಿಯಲ್ಲಿತ್ತು, ಬ್ರೇಕಿಗೆ ಪೂರ್ತಿ ಕರೆಂಟ್ ಒಮ್ಮೆಲೇ ನುಗ್ಗಿ ನಾಲ್ಕೂ ಚಕ್ರ ಕಚ್ಚಿಕೊಂಡವು. ಒದ್ದೆ ರಸ್ತೆಯಲ್ಲಿ ಉರುಳದ ಚಕ್ರಕ್ಕೆ ಅಡ್ಡ ಹಿಡಿತ ಇರುವುದಿಲ್ಲ. ಟ್ರೈಲರ್ ಅಡ್ಡ ತಿರುಗಿ ಗುಡ್ಡದ ಬದಿಯ ಚರಂಡಿಗೆ ಬಿತ್ತು. ಆಕ್ಸಲ್ ಬಾಗಿತು, ಟ್ರ್ಯಾಕ್ಟರ್‌ನ ಮುಂಭಾಗ ನಜ್ಜುಗುಜ್ಜಾಯಿತು. ಇನ್ನೊಂದು ಬದಿ ಕಣಿವೆ. ಎದುರಿನಿಂದ ಆಗ ಬಸ್ ಬಾರದ್ದು ದೇವರ ದಯೆ.

ಕಾಯಿಲೆ ಕಂಡುಹಿಡಿದವರು ಕುಶಾಲನಗರದಲ್ಲಿ ಲಾರಿ ವೈರಿಂಗ್ ಮಾಡುವ ಹಿರಿಯರೊಬ್ಬರು. ಕಂಟ್ರೋಲರನ್ನು ಅವರು ಮುಟ್ಟಲೂ ಇಲ್ಲ. ಟ್ರೈಲರ್ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪಾರ್ಕಿಂಗ್ ಲೈಟ್ ಹಾಕಿಸಿ, ಟ್ರೈಲರ್ ಬ್ರೇಕನ್ನಷ್ಟೇ ಹಾಕುವ ಕಂಟ್ರೋಲರಿನ ಕೈ ಲಿವರ್ ಒತ್ತಲು ಹೇಳಿದರು. ಲೈಟ್ ಮಂಕಾಯಿತು. ‘ಬ್ರೇಕ್ ಹಿಡಿದರೆ ಲೈಟ್ ಯಾಕೆ ಕುಂದಬೇಕು ಸರ್? ಅರ್ತ್ ಇಲ್ಲ’ ಎಂದರು. ಎರಡೂ ಮರಳುವುದು ಒಂದೇ ಪಿನ್ನಿನಲ್ಲಿ. ಬ್ರೇಕಿನ ಹೊರೆ ಬಿದ್ದೊಡನೆ ಲೈಟಿನ ಪಾಲೂ ಕುಸಿಯುತ್ತದೆ.

ನೀವೂ ಇಂದೇ ಸಂಜೆ ಇದನ್ನು ಮಾಡಿ ನೋಡಿ. ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಪಿಕಪ್ ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಟ್ರೈಲರ್ ಚಾಸಿಯಲ್ಲಿ ಬಣ್ಣ ಕೆರೆದ ಜಾಗಕ್ಕೂ ಹಿಡಿಯಿರಿ. ಒಬ್ಬರು ಲಿವರನ್ನು ಪೂರ್ತಿ ಒತ್ತಲಿ. ಅರ್ಧ ವೋಲ್ಟ್‌ಗಿಂತ ಕಡಿಮೆ ಬರಬೇಕು. ಎರಡು ಮೂರು ಬಂದರೆ ಸಾಕೆಟ್‌ನ ಅರ್ತ್ ಪಿನ್ನಿನಿಂದ 6 ಚದರ ಮಿ.ಮೀ. ವೈರನ್ನು ಬ್ಯಾಟರಿಯ ನೆಗೆಟಿವ್‌ವರೆಗೂ ಎಳೆಯಿರಿ. ಚಾಸಿಗೆ ಕೊಟ್ಟರೆ ಸಾಲದೇ ಎಂದು ಕೇಳಬೇಡಿ, ನಮ್ಮ ಮಳೆಯಲ್ಲಿ ಸಾಲದು. ಟ್ರೈಲರ್ ಕಡೆಯ ಜೋಡಣೆಯಲ್ಲೂ ಬಣ್ಣ ಕೆರೆದು, ವೈರಿನ ತುದಿಗೆ ಲಗ್ (ಲೋಹದ ಉಂಗುರ) ಒತ್ತಿಸಿ, ನಟ್ ಬೋಲ್ಟ್ ಬಿಗಿದು ಗ್ರೀಸ್ ಹಚ್ಚಿ. ಹಿಚ್‌ನ ಗುಂಡನ್ನು ಅರ್ತ್ ಎಂದು ನಂಬಲೇಬೇಡಿ, ಅದರ ಮೇಲೆ ಗ್ರೀಸ್ ಇರುತ್ತದೆ.

ಅರ್ತ್ ಸರಿಯಾದ ಮರುಕ್ಷಣವೇ ಗೇನ್ ಇಳಿಸಿ, ಇಲ್ಲವಾದರೆ ಮೊದಲ ಬ್ರೇಕಿಗೇ ಚಕ್ರ ಕಚ್ಚುತ್ತದೆ. ಹೊರೆ ಹೇರಿಕೊಂಡು ಖಾಲಿ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ. ಚಕ್ರ ಕಚ್ಚುವ ಹಂತ ಸಿಕ್ಕಿದ ಮೇಲೆ ಒಂದಿಷ್ಟು ಕೆಳಗಿಳಿಸಿ ಅಲ್ಲಿಗೆ ಬಿಡಿ. ಖಾಲಿ ಟ್ರೈಲರ್‌ಗೆ ಇನ್ನೂ ಕಡಿಮೆ ಸಾಕು. ಘಾಟಿಯಲ್ಲಿ ಎರಡನೇ ಗೇರ್ ಎನ್ನುವುದು ನಿಮಗೆ ಗೊತ್ತಿದ್ದೇ ಇದೆ.

ಮೀಟರಿನಲ್ಲಿ ಬಂದ ವೋಲ್ಟ್ ಎಷ್ಟೆಂದು ಇಲ್ಲೇ ಬರೆಯಿರಿ. ಅರ್ಧಕ್ಕಿಂತ ಕಡಿಮೆ ಇದ್ದೂ ಬ್ರೇಕ್ ಹಿಡಿಯದಿದ್ದರೆ ಡ್ರಮ್ ಬಿಚ್ಚಿ ಮ್ಯಾಗ್ನೆಟ್‌ನ ಸವೆತ ನೋಡಬೇಕಾಗುತ್ತದೆ. ಆಗಲೂ ಹೊಸ ಕಂಟ್ರೋಲರ್‌ಗೆ ಹಣ ಕಳಿಸಬೇಡಿ.