ಬಾಡಿಗೆ ಕಾರಿನ ಹಾನಿಗೆ ಕೇಳಿದಷ್ಟು ಹಣ ಕೊಡಲೇಬೇಕೆ?

ನೀವು ಬರೆದಿರುವ ಪ್ರಕಾರ, ಬೆಂಗಳೂರಿನಲ್ಲಿ ಎರಡು ದಿನದ ಮಟ್ಟಿಗೆ ಸೆಲ್ಫ್ ಡ್ರೈವ್ ಕಾರನ್ನು ಬಾಡಿಗೆಗೆ ಪಡೆದಿದ್ದೀರಿ, ಬುಕ್ ಮಾಡುವಾಗ ‘ಡ್ಯಾಮೇಜ್ ಪ್ರೊಟೆಕ್ಷನ್’ ಎಂದು 399 ರೂಪಾಯಿ ಹೆಚ್ಚಿಗೆ ಕಟ್ಟಿದ್ದೀರಿ, ಕಾರು ಹಿಂದಿರುಗಿಸಿ ಮೂರು ದಿನ ಕಳೆದ ಮೇಲೆ ಮುಂದಿನ ಬಂಪರ್ ಒಡೆದಿದೆ ಎಂದು ಅವರು 18 ಸಾವಿರ ರೂಪಾಯಿ ಕೇಳುತ್ತಿದ್ದಾರೆ, ನಿಮ್ಮ 3 ಸಾವಿರದ ಡೆಪಾಸಿಟ್ಟನ್ನೂ ತಡೆಹಿಡಿದಿದ್ದಾರೆ. ಕೊಡಲೇಬೇಕೆ, ಕಾರಿಗೆ ಇನ್ಶೂರೆನ್ಸ್ ಇದ್ದೇ ಇರುತ್ತದಲ್ಲವೆ ಎಂಬುದು ನಿಮ್ಮ ಪ್ರಶ್ನೆ. ಹಾನಿ ನಿಮ್ಮಿಂದಲೇ ಆಗಿದ್ದರೆ ಅದರ ನಿಜವಾದ ಖರ್ಚನ್ನು ಒಪ್ಪಂದದ ಮಿತಿಯೊಳಗೆ ಕೊಡಬೇಕಾಗುತ್ತದೆ. ಆದರೆ ಕಾರು ನಿಮ್ಮ ಕೈಗೆ ಬಂದಾಗ ಹೇಗಿತ್ತು ಎಂಬ ದಾಖಲೆ, ರಿಪೇರಿ ಮಾಡಿದ ಗ್ಯಾರೇಜಿನ ಜಾಬ್ ಕಾರ್ಡು (ಮಾಡಿದ ಕೆಲಸದ ವಿವರದ ಚೀಟಿ) ಮತ್ತು ಬಿಲ್ಲು, ಇನ್ಶೂರೆನ್ಸ್ ಕ್ಲೇಮ್ ಮಾಡಿದ್ದಾರೋ ಇಲ್ಲವೋ ಎಂಬ ಲಿಖಿತ ಉತ್ತರ, ಈ ಮೂರನ್ನು ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಾನು ವಕೀಲನಲ್ಲ. ಇದೇ ಪರಿಸ್ಥಿತಿಯನ್ನು ಒಮ್ಮೆ ಎದುರಿಸಿ, ಕಾಗದಪತ್ರ ಓದಿ, ಬಗೆಹರಿಸಿಕೊಂಡವನು.

ಎರಡು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ನಾವು ಮನೆಮಂದಿ ಸಕಲೇಶಪುರಕ್ಕೆ ಹೋಗಿದ್ದೆವು. ಯಶವಂತಪುರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ಕೈಗೆ ಬಂದಾಗ ಬೆಳಗಿನ ಆರು ಗಂಟೆ. ಆಗಷ್ಟೇ ತೊಳೆದು ನಿಲ್ಲಿಸಿದ್ದರಿಂದ ಬಾನೆಟ್ ಮೇಲೆಲ್ಲ ನೀರಿನ ಹನಿ. ಒದ್ದೆಯಾದ ಬಣ್ಣದ ಮೇಲೆ ಸಣ್ಣ ಗೀರು ಕಾಣುವುದಿಲ್ಲ ಎಂಬುದು ನನಗೆ ಆ ದಿನ ಹೊಳೆದಿರಲಿಲ್ಲ. ಮೊಬೈಲಿನಲ್ಲಿ ಸುತ್ತಲೂ ಒಂದು ವಿಡಿಯೊ ತೆಗೆದುಕೊಂಡು, ಮೀಟರಿನ ಫೋಟೊ ಹಿಡಿದು ಹೊರಟೆ. ಹಾನುಬಾಳಿನ ಕಡೆಯ ಹೋಂಸ್ಟೇಗೆ ಇಳಿಯುವ ಮಣ್ಣುದಾರಿಯಲ್ಲಿ ಎಡಬದಿಯ ಬಾಗಿಲ ಕೆಳಗೆ ಕಲ್ಲು ಉಜ್ಜಿದ ಸದ್ದು ಕೇಳಿತು. ಹಿಂದಿರುಗಿದ ರಾತ್ರಿ ಕಾರಿನ ಅಂಚಿಗೆಲ್ಲ ಕೆಮ್ಮಣ್ಣು ಒಣಗಿ ಅಂಟಿಕೊಂಡಿತ್ತು. ಬಾಟಲಿಯ ನೀರು ಸುರಿದು, ಮಣ್ಣು ತೊಳೆದು, ಗೇಣುದ್ದದ ಆ ಗೀರನ್ನು ಅಲ್ಲಿದ್ದ ಹುಡುಗನಿಗೆ ನಾನೇ ತೋರಿಸಿದೆ, ಅದರ ಫೋಟೊವನ್ನು ಅವರ ನಂಬರಿಗೂ ಕಳುಹಿಸಿದೆ. ಮೀಟರು ಆಗ 41,386 ತೋರಿಸುತ್ತಿತ್ತು.

ನಾಲ್ಕನೆಯ ದಿನ 23,600 ರೂಪಾಯಿಯ ಲೆಕ್ಕ ಬಂತು. ಮುಂದಿನ ಬಂಪರ್ ಬದಲಾವಣೆಗೆ 11,000, ಎಡಬದಿಯ ಬಣ್ಣಕ್ಕೆ 4,000, ಕಾರು ಓಡದ ನಾಲ್ಕು ದಿನದ ಬಾಡಿಗೆ ನಷ್ಟಕ್ಕೆ 5,000, ಅದರ ಮೇಲೆ ಶೇ 18 ಜಿಎಸ್‌ಟಿ. ನನ್ನ 5,000 ಡೆಪಾಸಿಟ್ ಮುರಿದುಕೊಂಡು ಉಳಿದದ್ದನ್ನು ಎರಡು ದಿನದೊಳಗೆ ಕಟ್ಟಬೇಕು, ಇಲ್ಲವಾದರೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂಬ ಮಾತು ಬೇರೆ. ಮನೆಯಲ್ಲಿ ಎಲ್ಲರೂ ಹೆದರಿದರು. ಬಂಪರಿನ ವಿಷಯ ನನಗೆ ಗೊತ್ತೇ ಇರಲಿಲ್ಲ, ನನ್ನ ವಿಡಿಯೊದಲ್ಲಿ ನೀರಿನ ಹನಿಗಳ ನಡುವೆ ಏನೂ ಸ್ಪಷ್ಟವಾಗುತ್ತಲೂ ಇರಲಿಲ್ಲ. ಆದ್ದರಿಂದ ‘ನಾನು ಮಾಡಿಲ್ಲ, ನೀನೇ ಮಾಡಿದ್ದು’ ಎಂಬ ವಾದಕ್ಕೆ ಇಳಿಯದೆ, ರಿಪೇರಿಯ ಜಾಬ್ ಕಾರ್ಡು ಮತ್ತು ಬಿಲ್ಲಿನ ಪ್ರತಿ ಕೊಡಿ, ನೋಡಿದ ಮೇಲೆ ನನ್ನ ಪಾಲಿನದನ್ನು ಕೊಡುತ್ತೇನೆ ಎಂದು ಇ-ಮೇಲ್ ಬರೆದೆ. ಮೊದಲು ಕಳುಹಿಸಿದ್ದು ಬರೀ ಎಸ್ಟಿಮೇಟು. ಅದು ಬಿಲ್ಲಲ್ಲ, ಎಸ್ಟಿಮೇಟಿನ ಮೇಲೆ ಜಿಎಸ್‌ಟಿ ವಸೂಲಿಯೂ ಸಲ್ಲದು ಎಂದು ಮತ್ತೆ ಬರೆದೆ. ಮೂರನೆಯ ಪತ್ರಕ್ಕೆ ಜಾಬ್ ಕಾರ್ಡ್ ಬಂತು.

ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಕಾರು ಒಳಗೆ ಬಂದ ದಿನ, ಹೊರಗೆ ಹೋದ ದಿನ, ಮೀಟರಿನ ರೀಡಿಂಗ್, ಯಾವ ಪಾರ್ಟ್ ಬದಲಾಯಿತು, ಯಾವುದಕ್ಕೆ ಬರೀ ಬಣ್ಣ ಹೊಡೆದರು ಎಂಬುದೆಲ್ಲ ಇರುತ್ತದೆ. ನನಗೆ ಬಂದ ಕಾರ್ಡಿನಲ್ಲಿ ಮೀಟರ್ ರೀಡಿಂಗ್ 41,612 ಎಂದಿತ್ತು. ಅಂದರೆ ನಾನು ಬಿಟ್ಟುಹೋದ ಮೇಲೆ ಕಾರು 226 ಕಿಲೋಮೀಟರ್ ಓಡಿ, ಆಮೇಲೆ ಗ್ಯಾರೇಜಿಗೆ ಹೋಗಿತ್ತು. ನಡುವೆ ಬೇರೆಯವರಿಗೆ ಬಾಡಿಗೆಗೆ ಹೋಗಿದ್ದಿರಬೇಕು. ಬಂಪರ್ ಬದಲಾಗಿರಲಿಲ್ಲ, ಅದಕ್ಕೆ ಬಣ್ಣವಷ್ಟೇ ಬಿದ್ದಿತ್ತು. ಗ್ಯಾರೇಜಿನಲ್ಲಿ ಕಾರು ಇದ್ದದ್ದು ಎರಡೇ ದಿನ. ಈ ಮೂರು ಸಾಲುಗಳನ್ನು ಗುರುತು ಹಾಕಿ, ನಾನು ಹಿಂದಿರುಗಿಸಿದಾಗಿನ ಮೀಟರಿನ ಫೋಟೊವನ್ನು ಜೊತೆಗಿಟ್ಟು ಕಳುಹಿಸಿದೆ. ಎಡಬದಿಯ ಬಣ್ಣಕ್ಕೆ ಬಿಲ್ಲಿನಲ್ಲಿದ್ದ 3,200 ರೂಪಾಯಿಯನ್ನು ಮುರಿದುಕೊಂಡು, ಉಳಿದ 1,800 ರೂಪಾಯಿಯನ್ನು ಅವರು ಹಿಂದಿರುಗಿಸಿದರು. ಆ ಗೀರು ನನ್ನದೇ ಆಗಿತ್ತು, ಅದರ ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ.

ಇನ್ನು ಇನ್ಶೂರೆನ್ಸಿನ ವಿಷಯ. ಕಾರಿನ ಪಾಲಿಸಿ ಇರುವುದು ಮಾಲೀಕರ ಹೆಸರಿನಲ್ಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 146ರ ಪ್ರಕಾರ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅದು ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಸಂಬಂಧಿಸಿದ್ದು. ಬಾಡಿಗೆ ಕಾರಿಗೇ ಆದ ಹಾನಿ ‘ಓನ್ ಡ್ಯಾಮೇಜ್’ ಭಾಗದಲ್ಲಿ ಬರುತ್ತದೆ, ಅದನ್ನು ಕ್ಲೇಮ್ ಮಾಡುವ ಹಕ್ಕು ಮಾಲೀಕರದು. ನೀವು ನೇರವಾಗಿ ವಿಮಾ ಕಂಪನಿಗೆ ಅರ್ಜಿ ಹಾಕಲಾಗದು. ಕ್ಲೇಮ್ ಆದರೂ ಪೂರ್ತಿ ಹಣ ಬರುವುದಿಲ್ಲ. ಕಡ್ಡಾಯ ಕಡಿತವೊಂದು ಇದ್ದೇ ಇರುತ್ತದೆ, ಅದಲ್ಲದೆ ಸವಕಳಿಯ ಕಡಿತವೂ ಇದೆ. ರಬ್ಬರು, ನೈಲಾನು, ಪ್ಲಾಸ್ಟಿಕ್ ಭಾಗಗಳಿಗೆ ಶೇ 50, ಫೈಬರ್‌ಗ್ಲಾಸಿಗೆ ಶೇ 30, ಲೋಹದ ಭಾಗಕ್ಕೆ ಕಾರಿನ ವಯಸ್ಸಿನಂತೆ, ಗಾಜಿಗೆ ಮಾತ್ರ ಏನೂ ಇಲ್ಲ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ, ‘ಝೀರೊ ಡೆಪ್’ (ಸವಕಳಿಯ ಕಡಿತವನ್ನು ತಪ್ಪಿಸುವ ಹೆಚ್ಚುವರಿ ರಕ್ಷಣೆ) ಸೇರಿಸಿರದ ಪಾಲಿಸಿಯಲ್ಲಿ ಹೊಸ ಬಂಪರಿನ ಬೆಲೆಯ ಅರ್ಧವನ್ನು ವಿಮಾ ಕಂಪನಿ ಕೊಡುವುದಿಲ್ಲ. ಬಾಡಿಗೆಯ ವ್ಯಾಜ್ಯಗಳಲ್ಲಿ ಬಂಪರ್ ಪದೇಪದೇ ಬರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಇದರ ಜೊತೆಗೆ, ಒಂದು ಕ್ಲೇಮ್ ಮಾಡಿದರೆ ಮಾಲೀಕರು ಮುಂದಿನ ವರ್ಷದ ‘ನೋ ಕ್ಲೇಮ್ ಬೋನಸ್’ ಕಳೆದುಕೊಳ್ಳುತ್ತಾರೆ. ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುವ ರಿಯಾಯಿತಿ ಅದು. ಹಾಗಾಗಿ ಸಣ್ಣ ಹಾನಿಗೆ ಕ್ಲೇಮ್ ಮಾಡದೆ ಬಾಡಿಗೆದಾರರಿಂದಲೇ ವಸೂಲು ಮಾಡಲು ನೋಡುತ್ತಾರೆ. ಅದು ಅವರ ವ್ಯಾಪಾರದ ತೀರ್ಮಾನ. ಆದರೆ ಕ್ಲೇಮಿನ ಹಣವನ್ನೂ ಪಡೆದು ಅದೇ ರಿಪೇರಿಗೆ ನಿಮ್ಮಿಂದಲೂ ಪೂರ್ತಿ ಪಡೆಯುವುದು ಖಂಡಿತ ಅನ್ಯಾಯ, ಆದ ನಷ್ಟವನ್ನಷ್ಟೇ ತುಂಬಿಕೊಡುವುದು ವಿಮೆಯ ಮೂಲತತ್ವ. ‘ಈ ಹಾನಿಗೆ ಕ್ಲೇಮ್ ಮಾಡಿದ್ದೀರಾ, ಮಾಡಿದ್ದರೆ ಎಷ್ಟು ಮಂಜೂರಾಯಿತು’ ಎಂಬ ಪ್ರಶ್ನೆಯನ್ನು ಬರವಣಿಗೆಯಲ್ಲೇ ಕೇಳಬೇಕು ಎನ್ನುವುದು ಇದಕ್ಕಾಗಿ.

ನೀವು ಕಟ್ಟಿದ 399 ರೂಪಾಯಿ ವಿಮೆಯ ಪ್ರೀಮಿಯಂ ಆಗಿರುವ ಸಂಭವ ಕಡಿಮೆ. ವಿಮೆ ಮಾರಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನೋಂದಣಿ ಇರುವ ಕಂಪನಿ ಬೇಕು, ಪಾಲಿಸಿ ನಂಬರ್ ಬೇಕು. ನಿಮಗೆ ಅಂಥ ಪಾಲಿಸಿ ಬಂದಿಲ್ಲವಾದರೆ ಅದು, ಇಂತಿಷ್ಟು ಮೊತ್ತಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂದು ಬಾಡಿಗೆ ಸಂಸ್ಥೆಯೇ ಕೊಟ್ಟ ಮಾತು. ಆ ಮಾತಿಗೂ ಬೆಲೆಯಿದೆ, ಹಣ ಪಡೆದು ಕೊಟ್ಟಿದ್ದರಿಂದ ಅವರು ಅದಕ್ಕೆ ಬದ್ಧರು. ಬುಕಿಂಗ್ ಆದ ದಿನದ ನಿಯಮಗಳ ಪುಟವನ್ನು ಈಗಲೇ ಉಳಿಸಿಕೊಂಡು, ಅದರಲ್ಲಿ ನಿಮ್ಮ ಗರಿಷ್ಠ ಹೊಣೆ ಎಷ್ಟೆಂದು ಬರೆದಿದೆ ನೋಡಿ. ಕುಡಿದು ಓಡಿಸಿದ್ದರೆ, ಬುಕಿಂಗ್‌ನಲ್ಲಿ ಹೆಸರಿಲ್ಲದವರು ಓಡಿಸಿದ್ದರೆ, ಅಪಘಾತವಾದ ಕೂಡಲೇ ತಿಳಿಸದಿದ್ದರೆ ಆ ರಕ್ಷಣೆ ಅನ್ವಯಿಸದು ಎಂಬ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ನೀವು ಅವುಗಳಲ್ಲಿ ಯಾವುದನ್ನೂ ಮೀರಿಲ್ಲವಾದರೆ, 18 ಸಾವಿರ ಆ ಮಿತಿಗಿಂತ ಹೆಚ್ಚಾಗಿದ್ದಲ್ಲಿ, ನಿಮ್ಮ ವಾದ ಅಲ್ಲೇ ಬಹುಮಟ್ಟಿಗೆ ಗೆಲ್ಲುತ್ತದೆ.

ಕಾರಿನ ನಂಬರ್ ಪ್ಲೇಟಿನ ಬಣ್ಣವನ್ನೂ ನೆನಪಿಸಿಕೊಳ್ಳಿ. ಪರವಾನಗಿ ಪಡೆದ ಸೆಲ್ಫ್ ಡ್ರೈವ್ ಕಾರುಗಳಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ವಾಟ್ಸಾಪ್ ಗುಂಪುಗಳ ಮೂಲಕ ಬಾಡಿಗೆಗೆ ಬಿಡುವವರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ, ಕೆಲವರು ನಿಮ್ಮ ಬೈಕನ್ನೇ ಅಡವಾಗಿ ಇರಿಸಿಕೊಳ್ಳುತ್ತಾರೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಬಳಕೆಯನ್ನು ಒಳಗೊಳ್ಳುವುದಿಲ್ಲ. ವಿಮಾ ಕಂಪನಿ ಅದೇ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸಬಹುದು. ಹಾಗೆ ತಿರಸ್ಕಾರವಾದ ಮೊತ್ತವನ್ನೆಲ್ಲ ನಿಮ್ಮ ತಲೆಗೆ ಕಟ್ಟಲು ಬಂದರೆ, ನಿಯಮ ಮೀರಿ ಬಾಡಿಗೆಗೆ ಬಿಟ್ಟದ್ದು ಮಾಲೀಕರ ತಪ್ಪು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಕಾನೂನು ಪೂರ್ತಿ ನಿಮ್ಮ ಪರವಾಗಿಯೇ ಇದೆ ಎಂದು ನಾನು ಹೇಳಲಾರೆ. ಬಾಡಿಗೆಗೆ ಪಡೆದ ಕಾರು ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 148ರಲ್ಲಿ ಹೇಳಿರುವ ‘ಬೇಲ್‌ಮೆಂಟ್’ (ಹಿಂದಿರುಗಿಸುವ ಕರಾರಿನ ಮೇಲೆ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದು) ಅಡಿ ಬರುತ್ತದೆ, ಸೆಕ್ಷನ್ 151ರ ಪ್ರಕಾರ ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೀವು ಅದನ್ನು ನೋಡಿಕೊಳ್ಳಬೇಕು. ಹಾನಿ ನಿಮ್ಮ ವಶದಲ್ಲಿದ್ದಾಗಲೇ ಆಯಿತೆಂದು ಅವರು ತೋರಿಸಿಕೊಟ್ಟರೆ, ಜೋಪಾನ ಮಾಡಿದ್ದೆನೆಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಹಸ್ತಾಂತರದ ಫೋಟೊಗಳಿಗೆ ಇಷ್ಟು ತೂಕ ಬರುವುದು ಇದರಿಂದಲೇ. ಆದರೆ ಮೊತ್ತದ ಪ್ರಶ್ನೆಯಲ್ಲಿ ಸೆಕ್ಷನ್ 74 ನಿಮ್ಮ ಕಡೆಗಿದೆ. ಒಪ್ಪಂದದಲ್ಲಿ ದಂಡದ ಮೊತ್ತವನ್ನು ಮೊದಲೇ ಬರೆದಿದ್ದರೂ ಸಿಗುವುದು ಅದನ್ನು ಮೀರದ ನ್ಯಾಯಯುತ ಪರಿಹಾರ ಮಾತ್ರ. ನಷ್ಟವೇ ಆಗದೆ ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ. ಅದು ದೆಹಲಿಯ ನಿವೇಶನವೊಂದರ ವ್ಯಾಜ್ಯವಾದರೂ ತತ್ವ ಇಲ್ಲಿಗೂ ಸಲ್ಲುತ್ತದೆ. ‘ಕಾರು ಓಡದ ದಿನಗಳ ಬಾಡಿಗೆ’ ಎಂಬ ಬಾಬತ್ತಿಗೂ ಇದೇ ಅಳತೆ. ನಿಜವಾಗಿ ಎಷ್ಟು ದಿನ ಕಾರು ಗ್ಯಾರೇಜಿನಲ್ಲಿತ್ತು ಎಂಬುದನ್ನು ಜಾಬ್ ಕಾರ್ಡ್ ಹೇಳುತ್ತದೆ.

ಪೊಲೀಸ್ ದೂರಿನ ಮಾತಿಗೆ ಅಂಜಬೇಡಿ. ಕಾರನ್ನು ಸರಿಯಾದ ಸಮಯಕ್ಕೆ ಹಿಂದಿರುಗಿಸಿದ್ದೀರಿ, ಉಳಿದಿರುವುದು ಹಣದ ತಕರಾರು, ಅದು ಸಿವಿಲ್ ವಿಷಯ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇ-ಮೇಲಿನಲ್ಲಿ ‘ನೀವು ಹೀಗೆ ಹೇಳಿದಿರಿ’ ಎಂದು ಬರೆದು ಕಳುಹಿಸಿ. ಮೂಲ ಫೋಟೊಗಳನ್ನು ಮೊಬೈಲಿನಿಂದ ಅಳಿಸಬೇಡಿ, ವಾಟ್ಸಾಪಿನಲ್ಲಿ ಸಾಗಿದ ಪ್ರತಿಯಲ್ಲಿ ತೆಗೆದ ಸಮಯದ ವಿವರ ಉಳಿಯುವುದಿಲ್ಲ.

ಎರಡು ವಾರದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸಿ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ನಂತರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಎರಡು ವರ್ಷದ ಕಾಲಾವಕಾಶವಿದೆ. ಆದರೆ ‘ಒಪ್ಪಂದದ ಷರತ್ತೇ ಅನ್ಯಾಯದ್ದು’ ಎಂಬ ವಾದವನ್ನು ಮುಖ್ಯವಾಗಿಟ್ಟರೆ ಅದನ್ನು ಕೇಳುವ ಅಧಿಕಾರ ರಾಜ್ಯ ಆಯೋಗದಿಂದ ಮೇಲಕ್ಕೆ ಮಾತ್ರ. ಆದ್ದರಿಂದ ನಿಮ್ಮ ದೂರನ್ನು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ಅಡಿಯಲ್ಲಿ ಬರೆದರೆ ಜಿಲ್ಲೆಯಲ್ಲೇ ಕೆಲಸವಾಗುತ್ತದೆ.

ಈವತ್ತೇ ಕಳುಹಿಸಬೇಕಾದ ಪತ್ರ ಹೀಗಿರಲಿ: ‘ಇಂಥ ದಿನ, ಇಷ್ಟು ಗಂಟೆಗೆ, ಮೀಟರ್ ಇಷ್ಟು ತೋರಿಸುತ್ತಿದ್ದಾಗ ಕಾರನ್ನು ನಿಮ್ಮ ಪ್ರತಿನಿಧಿಗೆ ಒಪ್ಪಿಸಿದ್ದೇನೆ. ನೀವು ಹೇಳುತ್ತಿರುವ ಹಾನಿಗೆ ಸಂಬಂಧಿಸಿ ನನಗೆ ಕಾರು ಕೊಡುವ ಮುನ್ನ ತೆಗೆದ ಫೋಟೊಗಳು, ನಾನು ಹಿಂದಿರುಗಿಸಿದ ಮೇಲೆ ತೆಗೆದ ಮೂಲ ಫೋಟೊಗಳು, ನನ್ನ ನಂತರದ ಬುಕಿಂಗ್ ವಿವರ, ಗ್ಯಾರೇಜಿನ ಜಾಬ್ ಕಾರ್ಡ್, ತೆರಿಗೆ ಸಹಿತ ಬಿಲ್ಲು, ಬದಲಾಯಿಸಿದ ಹಳೆಯ ಬಂಪರಿನ ಫೋಟೊ ಮತ್ತು ವಿಮಾ ಕ್ಲೇಮಿನ ಸ್ಥಿತಿಯನ್ನು ಏಳು ದಿನದೊಳಗೆ ಕೊಡಬೇಕೆಂದು ಕೋರುತ್ತೇನೆ. ಅವು ಬರುವವರೆಗೆ ನಿಮ್ಮ ಬೇಡಿಕೆಯನ್ನು ನಾನು ಒಪ್ಪಿಲ್ಲ, ನನ್ನ ಡೆಪಾಸಿಟ್ಟಿನಿಂದ ಮುರಿದುಕೊಳ್ಳಲು ಅನುಮತಿಯನ್ನೂ ಕೊಟ್ಟಿಲ್ಲ.’ ಇದನ್ನು ಇ-ಮೇಲಿನಲ್ಲಿ ಕಳುಹಿಸಿ, ಅವರ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿಯೂ ಒಂದು ಪ್ರತಿ ಹಾಕಿ, ಅಂಚೆ ರಸೀದಿಯನ್ನು ಜೋಪಾನವಾಗಿಡಿ. ಜಾಬ್ ಕಾರ್ಡ್ ಬಂದಾಗ ಮೊದಲು ಮೀಟರಿನ ಸಾಲನ್ನು ನೋಡಿ. ಅದನ್ನು ಇಲ್ಲಿ ಹಾಕಿದರೆ ನಾನೂ ಓದಿ ಹೇಳುತ್ತೇನೆ.