ರವಿಕೆ ಅಳತೆ ಮೊದಲು ಕೊಡಿ, ಪಾಚಿ ಆಮೇಲೆ

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ. ಮುಂದಿನ ತಿಂಗಳು ತಂಗಿಯ ಮದುವೆ. ಇಲ್ಲೊಂದು ಸ್ಪಾದಲ್ಲಿ ಕಡಲ ಪಾಚಿಯ ಬಾಡಿ ರ‍್ಯಾಪ್ ಮಾಡುತ್ತಾರೆ. ಒಂದೇ ಸಲಕ್ಕೆ ಸೊಂಟ ಎರಡು ಇಂಚು ಇಳಿಯುತ್ತದೆ, ಮೈಯಲ್ಲಿರುವ ವಿಷವೆಲ್ಲ ಹೊರಗೆ ಬರುತ್ತದೆ ಅಂದರು. ಒಂದು ಸಲಕ್ಕೆ 5,500 ರೂಪಾಯಿ. ಅದಾದ ಮೇಲೆ ರವಿಕೆ ಅಳತೆ ಕೊಡೋಣ ಅಂದುಕೊಂಡಿದ್ದೇನೆ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತೊಂದರೆ ಆಗುತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ರವಿಕೆ ಅಳತೆಯನ್ನು ಇವತ್ತೇ ಕೊಟ್ಟುಬಿಡಿ. ಇದನ್ನು ಮೊದಲು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಮಂಗಳೂರು, ಬೆಂಗಳೂರು ಸೇರಿ 18 ವರ್ಷ ನಾನು ಈ ಕೆಲಸ ಮಾಡಿದ್ದೇನೆ. ಪಾಚಿ ಪುಡಿ ಮೆಹಂದಿ ಪುಡಿಯಷ್ಟೇ ನುಣುಪು. ಬಿಸಿನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿದರೆ, ಬೆಂಡೆಕಾಯಿ ಹೆಚ್ಚಿದ ಕೈಯ ಹಾಗೆ ಲೋಳೆ ಲೋಳೆ ಆಗುತ್ತದೆ. ಬಂದರಿನಲ್ಲಿ ಬೆಳಗ್ಗೆ ಬರುತ್ತದಲ್ಲ, ಆ ವಾಸನೆ. ತಣ್ಣಗಾದರೆ ಮೈ ನಡುಗುತ್ತದೆ. ಹಾಗಾಗಿ ಬೆನ್ನು, ಹೊಟ್ಟೆ, ಕಾಲು ಅಂತ ಬೇಗ ಬೇಗ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಬಿಸಿ ಕಂಬಳಿ ಹೊದಿಸುತ್ತೇವೆ. 20ರಿಂದ 30 ನಿಮಿಷ. ಆ ಲೋಳೆಗೆ ನೀರು ಹಿಡಿದಿಟ್ಟುಕೊಳ್ಳುವ ಗುಣ ಇದೆ. ತೊಳೆದ ಮೇಲೆ ಒರಟು ಮೊಣಕೈ ಕೂಡ ಮೆತ್ತಗಾಗಿರುತ್ತದೆ. ದಿನವಿಡೀ ನಿಂತು ದುಡಿದವರು ಆ ಅರ್ಧ ಗಂಟೆಯಲ್ಲಿ ಗಾಢವಾಗಿ ನಿದ್ದೆ ಮಾಡಿದ್ದನ್ನು ನೋಡಿದ್ದೇನೆ. ಈ ಎರಡು ಲಾಭ ನಿಜ.

ಇಂಚಿನ ಮಾತು ಬೇರೆ. ಕಂಬಳಿಯೊಳಗೆ ಮೈ ಬೆವರುತ್ತದೆ. ಒಂದು ಲೀಟರ್ ಬೆವರು ಹೋದರೆ ತಕ್ಕಡಿ ಒಂದು ಕಿಲೋ ಕಡಿಮೆ ತೋರಿಸುತ್ತದೆ. ಬಿಗಿಯಾಗಿ ಸುತ್ತಿದ್ದರಿಂದ ಚರ್ಮವೂ ಸ್ವಲ್ಪ ಹೊತ್ತು ಒತ್ತಿಕೊಂಡಿರುತ್ತದೆ. ನೀರು ಕುಡಿದು ಊಟ ಮಾಡಿದರೆ ಎಲ್ಲ ವಾಪಸ್. ಕೊಬ್ಬು ಒಂದು ಚೂರೂ ಕರಗಿರುವುದಿಲ್ಲ. ವಿಷ ತೆಗೆಯುವ ಕೆಲಸ ಲಿವರ್, ಕಿಡ್ನಿಯದು. ಪಾಚಿ ಅದನ್ನು ಮಾಡುವುದಿಲ್ಲ.

ನಾನು ಹೊಸಬಳಾಗಿದ್ದಾಗ ಒಂದು ಕಡೆ ನಮಗೆ ಟೇಪ್ ಹಿಡಿಯುವುದನ್ನೂ ಕಲಿಸಿದ್ದರು. ಮೊದಲು ಸಡಿಲವಾಗಿ ಹಿಡಿಯಬೇಕು, ಆಮೇಲೆ ಎಳೆದು ಹಿಡಿಯಬೇಕು. ನಾನೂ ಹಾಗೇ ಮಾಡಿದೆ. ಒಬ್ಬ ಮದುಮಗಳು ಆ ಅಳತೆಯನ್ನು ನಂಬಿ, ಹೊಲಿದಿದ್ದ ರೇಷ್ಮೆ ರವಿಕೆಯನ್ನು ಬಿಗಿ ಮಾಡಿಸಿದಳು. ಧಾರೆಯ ದಿನ ಹುಕ್ ಕೂರಲಿಲ್ಲ. ಅವಳ ಅಮ್ಮ ಮುಹೂರ್ತಕ್ಕೆ ಮುಂಚೆ ಹೊಲಿಗೆ ಬಿಚ್ಚುತ್ತಾ ಕೂತಿದ್ದರಂತೆ. ಆಮೇಲೆ ಬಂದು ಹೇಳಿದರು, ಬೈಯಲೂ ಇಲ್ಲ. ಅವತ್ತಿನಿಂದ ನಾನು ಈ ಚಿಕಿತ್ಸೆಗೆ ಟೇಪ್ ಮುಟ್ಟಿಲ್ಲ.

ಈ ಚಿಕಿತ್ಸೆ ಹುಟ್ಟಿದ್ದೂ ಸೊಂಟ ಇಳಿಸುವುದಕ್ಕಲ್ಲ. ಫ್ರಾನ್ಸಿನ ಬ್ರಿಟನಿ ಕರಾವಳಿಯ ರೋಸ್ಕೋಫ್‌ನಲ್ಲಿ ಡಾಕ್ಟರ್ ಲೂಯಿ ಬಾಗೋ 1899ರಲ್ಲಿ ಸಮುದ್ರ ನೀರಿನ ಚಿಕಿತ್ಸಾ ಕೇಂದ್ರ ತೆರೆದಿದ್ದು ಕೀಲುನೋವಿನವರಿಗಾಗಿ. ಐರ್ಲೆಂಡಿನ ಎನಿಸ್‌ಕ್ರೋನ್‌ನಲ್ಲಿ 1912ರ ಸ್ನಾನದ ಮನೆಯೊಂದಿದೆ. ಅಲ್ಲಿ ಬಿಸಿ ಸಮುದ್ರ ನೀರಿಗೆ ಪಾಚಿ ಹಾಕಿ ಅದರಲ್ಲಿ ಮಲಗುತ್ತಾರೆ. ಮೈಕೈ ನೋವಿಗೆ ಹಿತ ಅಂತ ಜನ ಹೋಗುತ್ತಾರೆ, ಅಷ್ಟೇ.

ಈಗ ನಿಮ್ಮ ಥೈರಾಯ್ಡ್. ಕಡಲ ಪಾಚಿಯಲ್ಲಿ ಅಯೋಡಿನ್ ಜಾಸ್ತಿ. ಅದು ಮೈಗೆ ಅತಿಯಾದರೆ ಥೈರಾಯ್ಡ್ ಏರುಪೇರಾಗಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ ಮಾತ್ರ. ಚರ್ಮದ ಮೂಲಕ ಒಳಗೆ ಹೋಗುವುದು ಕಡಿಮೆ, ನಿಜ. ಆದರೆ ಗಾಯವೋ ಒಡೆದ ಚರ್ಮವೋ ಇದ್ದರೆ ಹೆಚ್ಚು ಹೋಗಬಹುದು. ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಮಾಡಿಸಿಕೊಳ್ಳಬೇಡಿ. ಸ್ಪಾದವರು ಥೈರಾಯ್ಡ್, ಬಿಪಿ, ಹೃದಯದ ತೊಂದರೆ, ಬಸಿರು ಇವನ್ನು ವಿಚಾರಿಸದೆಯೇ ಮಲಗಿಸಲು ಬಂದರೆ ಎದ್ದು ಬನ್ನಿ. ಡಾಕ್ಟರ್ ಒಪ್ಪಿದರೆ ಒಂದೇ ಒಂದು ಸಲ, ಸುಮ್ನೆ ಆರಾಮಕ್ಕಾಗಿ ಮಾಡಿಸಿಕೊಳ್ಳಿ. ಅದೂ ಮದುವೆಯ ಹಿಂದಿನ ದಿನ ಬೇಡ. ಮೈ ಕೆಂಪಾದರೆ, ತುರಿಸಿದರೆ ಇಳಿಯಲು ಸಮಯ ಬೇಕು. ಟೈಲರ್‌ಗೆ ರವಿಕೆಯ ಒಳಗೆ ಒಂದಿಂಚು ಬಟ್ಟೆ ಬಿಡಲು ಹೇಳಿ.

ಪ್ರಶ್ನೆ: ನಮ್ಮ ಬಂಡೆಗಳ ಮೇಲೆ ಬೇಕಾದಷ್ಟು ಪಾಚಿ ಇದೆ. ಅದನ್ನೇ ಅರೆದು ಹಚ್ಚಿಕೊಳ್ಳಬಹುದಾ?
– ಹೊನ್ನಾವರದ ಓದುಗರು

ಉತ್ತರ: ಬೇಡ. ಪಾಚಿ ತಾನು ಬೆಳೆದ ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆ, ಆರ್ಸೆನಿಕ್‌ನಂಥ ವಿಷವನ್ನೂ ಬಿಡುವುದಿಲ್ಲ. ಊರಿನ ಚರಂಡಿ ಸೇರುವ ಕಡೆಯದಾದರೆ ಕೇಳುವುದೇ ಬೇಡ. ರಾಮೇಶ್ವರದ ಕಡೆ ಹೆಂಗಸರು ಸಮುದ್ರಕ್ಕೆ ಮುಳುಗಿ ಪಾಚಿ ಕಿತ್ತು ತರುತ್ತಾರೆ. ಅದು ಕಾರ್ಖಾನೆಗೆ ಹೋಗಿ, ಶುದ್ಧವಾಗಿ, ನಾವು ಪುಡ್ಡಿಂಗ್‌ಗೆ ಹಾಕುವ ಚೀನಾ ಗ್ರಾಸ್‌ನಂಥದ್ದಾಗುತ್ತದೆ. ಚರ್ಮ ಒಣಗಿದ್ದರೆ ಸ್ನಾನ ಮಾಡಿ ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿಕೊಳ್ಳಿ.